ಪರದೆಯ ಮೇಲಿನ ಕಪ್ಪು

ಡಿಜಿಟಲ್ ಪ್ರೊಜೆಕ್ಟರ್ ಕಾಣದ ಊರು ಈಗ ಕಡಿಮೆ. ಪ್ರೌಢಶಾಲೆಯ ಸ್ಮಾರ್ಟ್ ಕ್ಲಾಸಿನ ಸೂರಿಗೆ ಅದು ತೂಗುತ್ತಿರುತ್ತದೆ. ತಾಲ್ಲೂಕು ಕಚೇರಿಯ ಸಭೆಗೆ ಬೇಕು, ರೈತರ ತರಬೇತಿಗೆ ಬೇಕು, ಮದುವೆ ಛತ್ರಕ್ಕೆ ಬೇಕು, ಹವ್ಯಾಸಿ ನಾಟಕ ತಂಡಗಳಿಗೂ ಬೇಕು. ಹಳೆಯ ವಿದ್ಯಾರ್ಥಿಗಳು ಸೇರಿ ತಾವು ಓದಿದ ಶಾಲೆಗೆ ಏನಾದರೂ ಕೊಡೋಣ ಎಂದಾಗ ಮೊದಲು ಬಾಯಿಗೆ ಬರುವ ಹೆಸರೂ ಇದೇ. ಕೊಂಡು ತಂದ ಯಂತ್ರಕ್ಕೆ ಪೂಜೆ ಆಗುತ್ತದೆ, ಗೋಡೆಯ ಮೇಲೆ ಚಿತ್ರ ಬೀಳುತ್ತದೆ. ಒಂದು ತಿಂಗಳಲ್ಲಿ ದೂರು ಶುರುವಾಗುತ್ತದೆ: ಹಿಂದಿನ ಬೆಂಚಿಗೆ ಏನೂ ಕಾಣುವುದಿಲ್ಲ, ಬಣ್ಣ ಪೇಲವ, ಅಕ್ಷರ ಮಸುಕು. ಆಗ ಎಲ್ಲರೂ ಹೇಳುವ ಮಾತು, ಇನ್ನೂ ಹೆಚ್ಚು ಲ್ಯೂಮೆನ್ಸಿನ ಯಂತ್ರ ತರಬೇಕಿತ್ತು ಎಂದು.

ಆ ಮಾತನ್ನು ಇವತ್ತು ಬಿಡಿಸಿ ನೋಡೋಣ. ಪ್ರೊಜೆಕ್ಟರಿನ ಪೆಟ್ಟಿಗೆಯ ಮೇಲೆ ಲ್ಯೂಮೆನ್ಸ್ ಇಷ್ಟು, ಕಾಂಟ್ರಾಸ್ಟ್ ಇಷ್ಟು, ರೆಸಲ್ಯೂಷನ್ ಇಷ್ಟು ಎಂದು ಸಾಲುಸಾಲಾಗಿ ಅಂಕಿಗಳಿರುತ್ತವೆ. ಆ ಅಂಕಿಗಳಿಗೆ ಅರ್ಥವಿದೆ. ಆದರೆ ಅವುಗಳಲ್ಲಿ ಎಲ್ಲಿಯೂ ಬರೆಯದ ಒಂದು ಸಂಗತಿಯೇ ಚಿತ್ರದ ಹಣೆಬರಹವನ್ನು ನಿರ್ಧರಿಸುತ್ತದೆ. ನನ್ನ ಮಾತೆಲ್ಲ ಅದರ ಸುತ್ತಲೇ ಇರುತ್ತದೆ.

ಪ್ರೊಜೆಕ್ಟರು ಬೆಳಕು ಚೆಲ್ಲುವ ಯಂತ್ರ. ಬಿಳಿಯನ್ನು ಚೆಲ್ಲಬಲ್ಲದು, ಕೆಂಪು, ಹಸಿರು, ನೀಲಿಯನ್ನು ಚೆಲ್ಲಬಲ್ಲದು. ಕಪ್ಪನ್ನು ಮಾತ್ರ ಚೆಲ್ಲಲಾರದು, ಏಕೆಂದರೆ ಕಪ್ಪು ಬಣ್ಣದ ಬೆಳಕು ಎಂಬುದೇ ಇಲ್ಲ. ಹಾಗಾದರೆ ಪರದೆಯ ಮೇಲೆ ನಮಗೆ ಕಾಣುವ ಕಪ್ಪು ಕೂದಲು, ಕಪ್ಪು ಅಕ್ಷರ, ರಾತ್ರಿಯ ಆಕಾಶ ಎಲ್ಲಿಂದ ಬಂದವು? ಯಂತ್ರ ಬೆಳಕು ಹಾಕದೆ ಬಿಟ್ಟ ಜಾಗಗಳವು. ಅಲ್ಲಿ ನಿಮಗೆ ಕಾಣುತ್ತಿರುವುದು ಬರಿಯ ಪರದೆ. ಪ್ರೊಜೆಕ್ಟರನ್ನು ಆರಿಸಿ, ಕೋಣೆಯ ದೀಪ ಹಾಗೆಯೇ ಉರಿಯುತ್ತಿರಲಿ, ಪರದೆಯನ್ನು ನೋಡಿ. ಅದು ಎಷ್ಟು ಬೆಳ್ಳಗೆ ಕಾಣುತ್ತದೋ ನಿಮ್ಮ ಚಿತ್ರದ ಕಪ್ಪು ಕೂಡ ಅಷ್ಟೇ ಬೆಳ್ಳಗಿರುತ್ತದೆ. ಅದಕ್ಕಿಂತ ಕಪ್ಪಾಗಿಸಲು ಲಕ್ಷ ರೂಪಾಯಿಯ ಯಂತ್ರಕ್ಕೂ ಸಾಧ್ಯವಿಲ್ಲ.

ಕಾಗದ, ಪೆನ್ನು ಕೈಗೆ ಸಿಗುವಂತಿದ್ದರೆ ತೆಗೆದುಕೊಳ್ಳಿ. ಒಂದು ಸಣ್ಣ ಲೆಕ್ಕ ಹಾಕೋಣ.

ಲ್ಯೂಮೆನ್ಸ್ ಎಂದರೆ ಯಂತ್ರದಿಂದ ಹೊರಬೀಳುವ ಒಟ್ಟು ಬೆಳಕು. ಅದನ್ನು ಚಿತ್ರದ ವಿಸ್ತೀರ್ಣದಿಂದ ಭಾಗಿಸಿದರೆ ಒಂದು ಚದರ ಮೀಟರಿಗೆ ಬಿದ್ದ ಬೆಳಕು ಸಿಗುತ್ತದೆ. ಅದರ ಹೆಸರು ಲಕ್ಸ್. ತರಗತಿಗೆಂದು ಮಾರುವ ಸಾಮಾನ್ಯ ಯಂತ್ರ 3000 ಲ್ಯೂಮೆನ್ಸಿನದು ಎಂದುಕೊಳ್ಳಿ. ಚಿತ್ರದ ಅಗಲ 2 ಮೀಟರ್. ಈಗಿನ 16:9 ಅಳತೆಯಲ್ಲಿ ಎತ್ತರ 1.125 ಮೀಟರ್ ಆಗುತ್ತದೆ, ವಿಸ್ತೀರ್ಣ 2.25 ಚದರ ಮೀಟರ್. 3000ವನ್ನು 2.25ರಿಂದ ಭಾಗಿಸಿದರೆ ಹೆಚ್ಚುಕಡಿಮೆ 1333 ಲಕ್ಸ್. ಟ್ಯೂಬ್‌ಲೈಟ್ ಉರಿಯುತ್ತಿರುವ, ಕಿಟಕಿ ತೆರೆದ ತರಗತಿಯ ಗೋಡೆಯ ಮೇಲೆ 200 ಲಕ್ಸ್ ಬೆಳಕು ತಾನಾಗಿಯೇ ಬಿದ್ದಿರುವುದು ಸಾಮಾನ್ಯ. ಚಿತ್ರದ ಬಿಳಿಯ ಭಾಗದಲ್ಲಿ ಯಂತ್ರದ 1333 ಮತ್ತು ಕೋಣೆಯ 200 ಸೇರಿ 1533 ಆಯಿತು. ಕಪ್ಪು ಭಾಗದಲ್ಲಿ ಕೋಣೆಯ 200 ಮಾತ್ರ. ಬಿಳಿಗೂ ಕಪ್ಪಿಗೂ ಇರುವ ಅನುಪಾತ ಎಂಟಕ್ಕೆ ಒಂದನ್ನೂ ಮುಟ್ಟುವುದಿಲ್ಲ. ಪೆಟ್ಟಿಗೆಯ ಮೇಲೆ ಕಾಂಟ್ರಾಸ್ಟ್ 20,000ಕ್ಕೆ 1 ಎಂದು ಅಚ್ಚಾಗಿರಬಹುದು. ನಿಮ್ಮ ಕೋಣೆಯಲ್ಲಿ ಸಿಕ್ಕಿದ್ದು ಎಂಟಕ್ಕೂ ಕಡಿಮೆ.

ಈಗ ಎರಡು ದಾರಿಗಳಿವೆ. ಒಂದು, ಎರಡರಷ್ಟು ಬೆಳಕಿನ 6000 ಲ್ಯೂಮೆನ್ಸಿನ ಯಂತ್ರ ತರುವುದು. ಲೆಕ್ಕ ಮಾಡಿ ನೋಡಿ, ಅನುಪಾತ ಸುಮಾರು 14 ಆಗುತ್ತದೆ, ಬೆಲೆ ಮಾತ್ರ ಬಹಳ ಮೇಲೇರುತ್ತದೆ. ಇನ್ನೊಂದು, ಹಳೆಯ 3000ದ ಯಂತ್ರವನ್ನೇ ಇಟ್ಟುಕೊಂಡು ಕಿಟಕಿಗೆ ದಪ್ಪ ಬಟ್ಟೆ ಕಟ್ಟುವುದು, ಪರದೆಯ ಹತ್ತಿರದ ಟ್ಯೂಬ್‌ಲೈಟ್ ಆರಿಸುವುದು. ಗೋಡೆಯ ಮೇಲಿನ ಬೆಳಕು 20 ಲಕ್ಸಿಗೆ ಇಳಿದರೆ ಅನುಪಾತ 67ಕ್ಕೆ ಜಿಗಿಯುತ್ತದೆ. ಕೆಲವೇ ಸಾವಿರದ ಬಟ್ಟೆ ಮಾಡುವ ಕೆಲಸವನ್ನು ಎರಡರಷ್ಟು ಬಲದ ಯಂತ್ರ ಮಾಡಲಾರದು. ಇಷ್ಟು ಸರಳವಾದ ಭಾಗಾಕಾರವನ್ನು ಯಾವ ಜಾಹೀರಾತೂ ನಮಗೆ ಹೇಳಿಕೊಡುವುದಿಲ್ಲ. ನಮ್ಮ ಶಾಲೆಗಳ ಹಣ ಪೋಲಾಗುತ್ತಿರುವುದು ಇಲ್ಲಿಯೇ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಈ ಅನುಪಾತ ಎಷ್ಟಿದ್ದರೆ ಸಾಕು? ದೃಶ್ಯ-ಶ್ರವಣ ಉಪಕರಣಗಳ ಉದ್ಯಮದ ಸಂಸ್ಥೆ ಇನ್ಫೋಕಾಮ್ 2011ರಲ್ಲಿ ಇದಕ್ಕೊಂದು ಮಾನದಂಡ ಪ್ರಕಟಿಸಿತು. ಸುಮ್ಮನೆ ಕುಳಿತು ನೋಡುವುದಕ್ಕೆ ಕನಿಷ್ಠ 7ಕ್ಕೆ 1. ಓದಿ ಅರ್ಥ ಮಾಡಿಕೊಂಡು ತೀರ್ಮಾನಕ್ಕೆ ಬರಬೇಕಾದ ಕಡೆ 15ಕ್ಕೆ 1. ನಕ್ಷೆ, ಎಕ್ಸ್‌ರೇ, ಸೂಕ್ಷ್ಮ ಚಿತ್ರಗಳನ್ನು ಪರಿಶೀಲಿಸುವಲ್ಲಿ 50ಕ್ಕೆ 1. ಸಿನಿಮಾದಂಥ ಚಲಿಸುವ ಚಿತ್ರಕ್ಕೆ 80ಕ್ಕೆ 1. ಇವನ್ನು ಅಳೆಯಬೇಕಾದದ್ದು ಕಾರ್ಖಾನೆಯಲ್ಲಲ್ಲ, ಯಂತ್ರವನ್ನು ಕೂರಿಸಿದ ಕೋಣೆಯಲ್ಲಿ, ಜನ ಕೂರುವ ಜಾಗದಿಂದ. ದೀಪ ಉರಿಯುವ ತರಗತಿಯ ನಮ್ಮ ಎಂಟರೊಳಗಿನ ಅನುಪಾತದಲ್ಲಿ ಮಕ್ಕಳು ಚಿತ್ರವನ್ನು ನೋಡಬಲ್ಲರು, ಅದರಿಂದ ಕಲಿಯುವುದು ಕಷ್ಟ. ಪಾಠಕ್ಕೆ ಹದಿನೈದಾದರೂ ಬೇಕು.

ಚಿತ್ರ ದೊಡ್ಡದಾಗಲಿ ಎಂಬ ಆಸೆಯೂ ಇಲ್ಲಿ ಅಡ್ಡ ಬರುತ್ತದೆ. ಅಗಲವನ್ನು 2 ಮೀಟರಿನಿಂದ 4 ಮೀಟರಿಗೆ ಏರಿಸಿದರೆ ವಿಸ್ತೀರ್ಣ ನಾಲ್ಕು ಪಟ್ಟು ಆಗುತ್ತದೆ, ಬೆಳಕು ಕಾಲು ಭಾಗಕ್ಕೆ, ಅಂದರೆ 333 ಲಕ್ಸಿಗೆ ಇಳಿಯುತ್ತದೆ. ಅದೇ ದೀಪದ ಕೋಣೆಯಲ್ಲಿ ಅನುಪಾತ ಮೂರಕ್ಕೂ ಕಡಿಮೆ. ಗೋಡೆ ತುಂಬಾ ಚಿತ್ರ ಇದ್ದರೂ ಅದರಲ್ಲಿ ಹುರುಳಿರುವುದಿಲ್ಲ. ಹಾಗಾದರೆ ಎಷ್ಟು ದೊಡ್ಡ ಚಿತ್ರ ಬೇಕು? ಓದುವ ಪಠ್ಯವಿರುವ ಕಡೆ ಕೊನೆಯ ಸಾಲಿನವರು ಚಿತ್ರದ ಎತ್ತರದ ಆರರಷ್ಟು ದೂರದೊಳಗೆ ಕುಳಿತಿರಬೇಕು ಎಂಬುದು ಈ ಕಸುಬಿನವರು ಬಳಸುವ ಹಳೆಯ ಅಂದಾಜು. 2 ಮೀಟರ್ ಅಗಲದ ಚಿತ್ರಕ್ಕೆ ಅದು ಸುಮಾರು ಆರೂಮುಕ್ಕಾಲು ಮೀಟರ್. ಸಾಧಾರಣ ತರಗತಿಗೆ ಅಷ್ಟು ಸರಿಹೋಗುತ್ತದೆ.

ಕತ್ತಲು ಮಾಡಬಲ್ಲ ಕೋಣೆಯಲ್ಲಿ ಇದೇ ಲೆಕ್ಕ ತಿರುಗಿ ನಿಲ್ಲುತ್ತದೆ. ಹಾಲಿವುಡ್ಡಿನ ದೊಡ್ಡ ಸ್ಟುಡಿಯೋಗಳು 2002ರಲ್ಲಿ ಒಟ್ಟುಗೂಡಿ ಡಿಸಿಐ ಎಂಬ ಕೂಟ ಕಟ್ಟಿ, 2005ರಲ್ಲಿ ಡಿಜಿಟಲ್ ಚಿತ್ರಮಂದಿರಗಳಿಗೆ ನಿಯಮಗಳನ್ನು ಹೊರತಂದವು. ಪರದೆಯ ಬಿಳಿ ಎಷ್ಟು ಹೊಳಪಾಗಿರಬೇಕು ಎಂಬುದಕ್ಕೆ ಅವು ಇಟ್ಟ ಅಂಕಿ ಒಂದು ಚದರ ಮೀಟರಿಗೆ 48 ಕ್ಯಾಂಡೆಲಾ. ನಮ್ಮ ಮನೆಯ ಟಿವಿ ಇದಕ್ಕಿಂತ ಎಷ್ಟೋ ಪಾಲು ಹೊಳಪಿನದು. ಆದರೂ ಥಿಯೇಟರಿನ ಚಿತ್ರವೇ ಕಣ್ತುಂಬುತ್ತದೆ, ಏಕೆಂದರೆ ಅಲ್ಲಿ ಕಪ್ಪು ಕಪ್ಪಾಗಿಯೇ ಇರುತ್ತದೆ. ನಮ್ಮ 3000 ಲ್ಯೂಮೆನ್ಸಿನ ತರಗತಿ ಯಂತ್ರ 4 ಮೀಟರ್ ಅಗಲದ ಸಾದಾ ಬಿಳಿ ಪರದೆಗೆ ಕೊಡುವ 333 ಲಕ್ಸ್ ಬೆಳಕು, ಹೊಳಪಿನ ಲೆಕ್ಕದಲ್ಲಿ ಸುಮಾರು 106 ಕ್ಯಾಂಡೆಲಾ. ಥಿಯೇಟರಿನ ನಿಯಮಕ್ಕೆ ಎರಡು ಪಟ್ಟು! ಬಣ್ಣ ಸರಿ ಮಾಡಿಕೊಳ್ಳಲು ಅರ್ಧ ಬೆಳಕನ್ನು ಬಿಟ್ಟುಕೊಟ್ಟರೂ ಉಳಿದದ್ದು ಸಿನಿಮಾಕ್ಕೆ ಸಾಕು. ಹಗಲಿನಲ್ಲಿ ಸೋತ ಅದೇ ಯಂತ್ರ ಸಂಜೆ ಏಳರ ಮೇಲೆ ಶಾಲೆಯ ಅಂಗಳದಲ್ಲಿ ಊರಿಗೇ ಸಿನಿಮಾ ತೋರಿಸಬಲ್ಲದು. ನಮ್ಮ ಟೂರಿಂಗ್ ಟಾಕೀಸುಗಳು ಹೊತ್ತು ಮುಳುಗಿದ ಮೇಲೆ ಆಟ ಶುರು ಮಾಡುತ್ತಿದ್ದುದು ಈ ಲೆಕ್ಕ ಬಲ್ಲವರ ನಡೆ. ಎಪ್ಪತ್ತರ ದಶಕದಲ್ಲಿ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಂ ಚಿತ್ರಸಮಾಜ ಕಟ್ಟಿ ಹಳ್ಳಿಯ ಜನಕ್ಕೆ ಜಗತ್ತಿನ ಸಿನಿಮಾ ತೋರಿಸಹೊರಟಾಗ ಅದಕ್ಕೆ ಫಿಲ್ಮಿನ ಸುರುಳಿಗಳು ಬೇಕಿದ್ದವು. ಇಂದು ಆ ಆಸೆ ಇರುವ ಯಾವ ಊರಿಗೂ ಸಲಕರಣೆಯ ಬಡತನ ಇಲ್ಲ.

ಲ್ಯೂಮೆನ್ಸ್ ಎಂಬ ಅಂಕಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಅದನ್ನು ಅಳೆಯಲು ಒಪ್ಪಿತ ಕ್ರಮವಿದೆ. ಬಿಳಿ ಚಿತ್ರವನ್ನು ಒಂಬತ್ತು ಸಮ ಭಾಗ ಮಾಡಿ, ಒಂದೊಂದರ ನಡುವಿನ ಬೆಳಕನ್ನು ಅಳೆದು, ಸರಾಸರಿ ತೆಗೆದು, ವಿಸ್ತೀರ್ಣದಿಂದ ಗುಣಿಸಬೇಕು. ಹೀಗೆ ಅಳೆದಿದ್ದರೆ ಆನ್ಸಿ ಲ್ಯೂಮೆನ್ಸ್ ಎಂದೋ ಐಎಸ್‌ಒ 21118 ಎಂದೋ ಬರೆದಿರುತ್ತಾರೆ. ಆನ್‌ಲೈನಿನಲ್ಲಿ ಕೆಲವೇ ಸಾವಿರಕ್ಕೆ ಸಿಗುವ ಪುಟ್ಟ ಯಂತ್ರಗಳ ಮೇಲೆ 9000, 12,000 ಎಂಬ ಅಂಕಿ ಕಂಡರೆ, ಪಕ್ಕದಲ್ಲಿ ಈ ಎರಡು ಹೆಸರುಗಳಲ್ಲಿ ಒಂದಾದರೂ ಇದೆಯೇ ನೋಡಿ. ಇಲ್ಲದಿದ್ದರೆ ಆ ಅಂಕಿ ಒಳಗಿನ ಎಲ್‌ಇಡಿಯ ಬೆಳಕಿನದೋ ಬರಿಯ ಕಲ್ಪನೆಯದೋ ಆಗಿರುತ್ತದೆ. ಅಂಥವುಗಳಿಂದ ಪರದೆಗೆ ತಲುಪುವುದು ಕೆಲವು ನೂರು ಲ್ಯೂಮೆನ್ಸ್. ಮಲಗುವ ಕೋಣೆಯಲ್ಲಿ ದೀಪ ಆರಿಸಿ ನೋಡುವವರಿಗೆ ಅದೂ ಸಾಲಬಹುದು, ತರಗತಿಗೆ ಖಂಡಿತ ಸಾಲದು.

ಇನ್ನು ಈ ಯಂತ್ರದ ಒಳಗೆ ಸ್ವಲ್ಪ ಇಣುಕೋಣ. ನನಗೆ ಬಹಳ ಪ್ರಿಯವಾದ ಭಾಗ ಇದು.

ಹಳೆಯ ಟಿವಿಯ ಗಾಜಿನ ಕೊಳವೆಯಲ್ಲಿ ಚಿತ್ರ ಮೂಡಿಸುವುದೂ ಬೆಳಕು ಕೊಡುವುದೂ ಒಂದೇ ಫಾಸ್ಫರ್ ಲೇಪ. ಅದಕ್ಕೆ ಎಷ್ಟು ಹೊಳೆಯಲು ಶಕ್ಯವೋ ಅಷ್ಟೇ ಚಿತ್ರದ ಮಿತಿ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಫ್ರಿಟ್ಸ್ ಫಿಷರ್ ಎಂಬ ಪ್ರಾಧ್ಯಾಪಕರು 1939ರಲ್ಲಿ ಈ ಎರಡನ್ನೂ ಬೇರ್ಪಡಿಸುವ ದಾರಿ ಕಂಡುಕೊಂಡರು. ಬೆಳಕಿಗೆ ಪ್ರತ್ಯೇಕವಾದ ಪ್ರಖರ ದೀಪ, ಚಿತ್ರಕ್ಕೆ ಎಣ್ಣೆಯ ತೆಳುವಾದ ಪೊರೆ. ಎಲೆಕ್ಟ್ರಾನ್ ಕಿರಣ ಆ ಪೊರೆಯನ್ನು ಸುಕ್ಕುಗಟ್ಟಿಸುತ್ತದೆ, ಸುಕ್ಕು ಇದ್ದಲ್ಲಿ ಬೆಳಕು ಪರದೆಯತ್ತ ಹಾಯುತ್ತದೆ, ಇಲ್ಲದಲ್ಲಿ ತಡೆಯಲ್ಪಡುತ್ತದೆ. ಐಡೋಫೋರ್ ಎಂದು ಅದರ ಹೆಸರು. ಅಪೋಲೋ ಯಾನಗಳ ಕಾಲದಲ್ಲಿ ಹ್ಯೂಸ್ಟನ್‌ನ ನಿಯಂತ್ರಣ ಕೊಠಡಿಯ ದೊಡ್ಡ ಪರದೆಗಳ ಹಿಂದೆ ಇದ್ದದ್ದು ಇದೇ ಯಂತ್ರ. ಇಂದಿನ ಪ್ರೊಜೆಕ್ಟರುಗಳೆಲ್ಲ ಇದೇ ವಿಚಾರದ ಮಕ್ಕಳು. ನಮ್ಮ ತೊಗಲುಗೊಂಬೆಯಾಟ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಿಂದೆ ಉರಿಯುವ ದೀಪವೇ ಬೇರೆ, ಬೆಳಕನ್ನು ಹಾಯಿಸಿ ಬಣ್ಣ ಕೊಡುವ ತೊಗಲೇ ಬೇರೆ, ಮುಂದಿನ ಬಟ್ಟೆಯೇ ಬೇರೆ. ದೀಪ ಹೆಚ್ಚಿಸಿದರೆ ಗೊಂಬೆ ಬದಲಾಗುವುದಿಲ್ಲ, ಆಟದ ಹೊಳಪು ಹೆಚ್ಚುತ್ತದೆ.

ತೊಗಲಿನ ಜಾಗದಲ್ಲಿ ಈಗ ಮುಖ್ಯವಾಗಿ ಎರಡು ಬಗೆಯ ಸಾಧನಗಳಿವೆ. ಒಂದು ಎಲ್‌ಸಿಡಿ. ದೀಪದ ಬಿಳಿ ಬೆಳಕನ್ನು ವಿಶೇಷ ಕನ್ನಡಿಗಳು ಕೆಂಪು, ಹಸಿರು, ನೀಲಿಯಾಗಿ ಒಡೆಯುತ್ತವೆ. ಒಂದೊಂದು ಬಣ್ಣವೂ ಒಂದೊಂದು ಪುಟ್ಟ ಎಲ್‌ಸಿಡಿ ಹಲಗೆಯ ಮೂಲಕ ಹಾದು, ಗಾಜಿನ ಅಶ್ರಗದಲ್ಲಿ ಮತ್ತೆ ಒಂದಾಗಿ, ಲೆನ್ಸಿನಿಂದ ಹೊರಬೀಳುತ್ತದೆ. ಮೂರು ಬಣ್ಣವೂ ಏಕಕಾಲಕ್ಕೆ ಬರುವುದರಿಂದ ಬಣ್ಣ ತುಂಬಿಕೊಂಡಿರುತ್ತದೆ.

ಇನ್ನೊಂದು ಡಿಎಲ್‌ಪಿ. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ವಿಜ್ಞಾನಿ ಲ್ಯಾರಿ ಹಾರ್ನ್‌ಬೆಕ್ 1987ರಲ್ಲಿ ಇದರ ಹೃದಯವಾದ ಚಿಪ್ಪನ್ನು ರೂಪಿಸಿದರು. ಬೆರಳ ತುದಿಯಷ್ಟು ಜಾಗದಲ್ಲಿ ಲಕ್ಷಾಂತರ ಕನ್ನಡಿಗಳು! ಒಂದೊಂದರ ಅಗಲ ಮಿಲಿಮೀಟರಿನ ನೂರನೆಯ ಒಂದು ಭಾಗದ ಆಸುಪಾಸು, ಅಂದರೆ ತಲೆಗೂದಲಿಗಿಂತ ಕಿರಿದು. 1920 ಸಾಲು, 1080 ಅಡ್ಡಸಾಲಿನ ಪೂರ್ಣ ಚಿಪ್ಪಿನಲ್ಲಿ 20,73,600 ಕನ್ನಡಿಗಳು, ಚಿತ್ರದ ಒಂದೊಂದು ಚುಕ್ಕೆಗೆ ಒಂದೊಂದು. ಪ್ರತಿ ಕನ್ನಡಿಗೂ ಗೊತ್ತಿರುವುದು ಎರಡೇ ಭಂಗಿ: ಸುಮಾರು 12 ಡಿಗ್ರಿ ಈ ಕಡೆ ವಾಲಿದರೆ ಬೆಳಕು ಲೆನ್ಸಿಗೆ ಹೋಗುತ್ತದೆ, ಆ ಕಡೆ ವಾಲಿದರೆ ಒಳಗಿನ ಕಪ್ಪು ಗುಂಡಿಗೆ. ಅರೆ ಹೊಳಪು ಬೇಕಿದ್ದರೆ ಕನ್ನಡಿ ಸೆಕೆಂಡಿಗೆ ಸಾವಿರಾರು ಸಲ ಅತ್ತಿತ್ತ ವಾಲಿ, ಅರ್ಧ ಹೊತ್ತು ಲೆನ್ಸಿಗೆ, ಅರ್ಧ ಹೊತ್ತು ಗುಂಡಿಗೆ ಬೆಳಕನ್ನು ಹಂಚುತ್ತದೆ. ನಮ್ಮ ಕಣ್ಣು ಅದನ್ನು ಕೂಡಿಸಿ ಬೂದು ಎಂದು ಓದಿಕೊಳ್ಳುತ್ತದೆ. 1999ರ ಜೂನ್‌ನಲ್ಲಿ ಅಮೆರಿಕದ ಬೆರಳೆಣಿಕೆಯ ಚಿತ್ರಮಂದಿರಗಳಲ್ಲಿ ಸ್ಟಾರ್ ವಾರ್ಸ್ ಸರಣಿಯ ಹೊಸ ಚಿತ್ರವನ್ನು ಫಿಲ್ಮ್ ಇಲ್ಲದೆ ತೋರಿಸಲಾಯಿತು. ಅಲ್ಲಿಂದ ಜಗತ್ತಿನ ಥಿಯೇಟರುಗಳ ಚಹರೆಯೇ ಬದಲಾಯಿತು. ಎರಡೂವರೆ ಗಂಟೆಯ ಸಿನಿಮಾಕ್ಕೆ ಬೇಕಿದ್ದ ನಾಲ್ಕು ಕಿಲೋಮೀಟರಿಗೂ ಉದ್ದದ 35 ಎಂಎಂ ಫಿಲ್ಮ್, ಅದನ್ನು ಹೊತ್ತ ತಗಡಿನ ಡಬ್ಬಿಗಳು, ಬಸ್ಸಿನ ಮೇಲೇರಿ ಊರೂರಿಗೆ ಹೋಗುತ್ತಿದ್ದ ಪ್ರಿಂಟುಗಳು ಎಲ್ಲ ಮುಗಿದವು. ಹಾರ್ನ್‌ಬೆಕ್ ಅವರಿಗೆ 2015ರಲ್ಲಿ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ಸಂದಿತು.

ಚಿತ್ರಮಂದಿರದ ಡಿಎಲ್‌ಪಿಯಲ್ಲಿ ಮೂರು ಬಣ್ಣಕ್ಕೆ ಮೂರು ಚಿಪ್ಪು ಇರುತ್ತವೆ. ತರಗತಿಯ ಯಂತ್ರದಲ್ಲಿ ಒಂದೇ. ಅದರ ಮುಂದೆ ಬಣ್ಣದ ಗಾಜಿನ ಚಕ್ರವೊಂದು ತಿರುಗುತ್ತ ಕೆಂಪು, ಹಸಿರು, ನೀಲಿಯನ್ನು ಒಂದಾದ ಮೇಲೊಂದರಂತೆ ಕಳಿಸುತ್ತದೆ. ಕಣ್ಣು ಬೇಗ ಹೊರಳಿಸುವ ಕೆಲವರಿಗೆ ಬಿಳಿ ಅಕ್ಷರದ ಅಂಚಿನಲ್ಲಿ ಕಾಮನಬಿಲ್ಲು ಮಿಂಚಿದಂತೆ ಕಾಣುವುದು ಇದರಿಂದ. ಅದು ಕಣ್ಣಿನ ರೋಗವಲ್ಲ, ಭಯ ಬೇಡ. ಎಷ್ಟೋ ಯಂತ್ರಗಳ ಚಕ್ರದಲ್ಲಿ ಒಂದು ಭಾಗ ಬಣ್ಣವಿಲ್ಲದ ಬರಿಗಾಜು ಇರುತ್ತದೆ. ಅದರಿಂದ ಬಿಳಿಯ ಲ್ಯೂಮೆನ್ಸ್ ಏರುತ್ತದೆ, ಬಣ್ಣದ್ದು ಏರುವುದಿಲ್ಲ. ಬಿಳಿ ಹಾಳೆ ಫಳಫಳಿಸುತ್ತದೆ, ಬಾಳೆಗಿಡದ ಚಿತ್ರ ಮಾತ್ರ ಒಣಗಿದಂತೆ ಕಾಣುತ್ತದೆ. ಆದ್ದರಿಂದ ಯಂತ್ರ ನೋಡಲು ಹೋದಾಗ ಬಿಳಿ ಪುಟವನ್ನು ನೋಡಿ ಮರುಳಾಗದೆ ಒಂದು ಹೂವಿನ ಫೋಟೋ ಹಾಕಿಸಿ ನೋಡಿ. ಎಲ್‌ಸಿಡಿ ಹಲಗೆಯನ್ನೇ ಕನ್ನಡಿಯ ಮೇಲೆ ಕೂರಿಸಿದ ಎಲ್‌ಕಾಸ್ ಎಂಬ ಮೂರನೆಯ ಬಗೆಯೂ ಇದೆ. ಅದರ ಕಪ್ಪು ಅತಿ ಆಳವಾದದ್ದು, ಬೆಲೆಯೂ ಹಾಗೆಯೇ. ಮನೆಯಲ್ಲೇ ಥಿಯೇಟರು ಕಟ್ಟುವವರು ಅದನ್ನು ಹುಡುಕಿಕೊಂಡು ಹೋಗುತ್ತಾರೆ.

ಕನ್ನಡಿ ವಾಲಿಸಿದರೂ ಹಲಗೆ ಮುಚ್ಚಿದರೂ ಸ್ವಲ್ಪ ಬೆಳಕು ಸೋರಿಯೇ ಸೋರುತ್ತದೆ. ಪೆಟ್ಟಿಗೆಯ ಮೇಲಿನ ಕಾಂಟ್ರಾಸ್ಟ್ ಅಂಕಿಯಲ್ಲಿ ಆ ಸೋರಿಕೆಯನ್ನು ಮುಚ್ಚಿಡುವ ಚಾತುರ್ಯವೊಂದಿದೆ. ಪೂರ್ತಿ ಬಿಳಿಯ ಚಿತ್ರ ಒಂದು ಸಲ, ಪೂರ್ತಿ ಕಪ್ಪಿನ ಚಿತ್ರ ಇನ್ನೊಂದು ಸಲ ಅಳೆದು, ಕಪ್ಪಿನ ಸರದಿಯಲ್ಲಿ ದೀಪವನ್ನೇ ತಗ್ಗಿಸಿಬಿಟ್ಟರೆ ಲಕ್ಷಗಟ್ಟಲೆ ಅನುಪಾತ ಸಿಗುತ್ತದೆ. ಅದಕ್ಕೆ ಡೈನಮಿಕ್ ಎಂಬ ವಿಶೇಷಣ. ಕಪ್ಪು, ಬಿಳಿ ಹದಿನಾರು ಚೌಕಗಳನ್ನು ಒಟ್ಟಿಗೆ ಹಾಕಿ ಅಳೆಯುವ ಕ್ರಮವೊಂದಿದೆ. ಒಂದೇ ಚಿತ್ರದಲ್ಲಿ ದೀಪವೂ ನೆರಳೂ ಇರುವ ನಿಜವಾದ ದೃಶ್ಯಕ್ಕೆ ಅದೇ ಹತ್ತಿರದ್ದು. ಆ ಅಂಕಿ ಕೆಲವು ನೂರನ್ನು ಮೀರುವುದು ಅಪರೂಪ, ಅದಕ್ಕೇ ಅದನ್ನು ಯಾರೂ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕುವುದಿಲ್ಲ.

ರೆಸಲ್ಯೂಷನ್ ಬಗ್ಗೆ ಕನ್ನಡಿಗರಾದ ನಾವು ಇತರರಿಗಿಂತ ಹೆಚ್ಚು ಹಟ ಹಿಡಿಯಬೇಕು. ಇಂಗ್ಲಿಷಿನ ದೊಡ್ಡಕ್ಷರಗಳು ಮಸುಕಾದರೂ ಓದಿಕೊಳ್ಳಬಹುದು. ನಮ್ಮ ದ ಮತ್ತು ಧ, ಪ ಮತ್ತು ಫ, ಬ ಮತ್ತು ಭ ಬೇರೆಯಾಗುವುದು ಅಡಿಯಲ್ಲಿರುವ ಒಂದು ಸಣ್ಣ ಸೀಳಿನಿಂದ. ಒತ್ತಕ್ಷರಗಳು ಮೂಲ ಅಕ್ಷರದ ಕಾಲಬುಡದಲ್ಲಿ ಚಿಕ್ಕದಾಗಿ ಕುಳಿತಿರುತ್ತವೆ. ಚುಕ್ಕೆಗಳು ಸಾಲದಿದ್ದರೆ ಮೊದಲು ಅಳಿಸಿಹೋಗುವುದು ಇವೇ. ವ್ಯಾಕರಣ ಕಲಿಯುವ ಮಗು ಅಲ್ಪಪ್ರಾಣವನ್ನೇ ಮಹಾಪ್ರಾಣವೆಂದು ಓದಿದರೆ ತಪ್ಪು ಮಗುವಿನದಲ್ಲ. ಹಾಗಾಗಿ ಯಂತ್ರದ ನೇಟಿವ್ ರೆಸಲ್ಯೂಷನ್ ಎಷ್ಟು ಎಂದು ಕೇಳಬೇಕು. 4ಕೆ ಸಪೋರ್ಟ್ ಎಂದು ಬರೆದಿದ್ದರೆ 4ಕೆ ಸಿಗ್ನಲ್ಲನ್ನು ಅದು ಒಳಗೆ ಬಿಟ್ಟುಕೊಳ್ಳುತ್ತದೆ ಎಂದಷ್ಟೇ ಅರ್ಥ. ಒಳಗಿನ ಹಲಗೆ 854 ಬೈ 480 ಆಗಿದ್ದರೆ ಪರದೆಗೆ ಬರುವುದು ನಾಲ್ಕು ಲಕ್ಷ ಚುಕ್ಕೆ ಮಾತ್ರ. ಇಂದು ಹೊಸದಾಗಿ ಕೊಳ್ಳುವ ಶಾಲೆ 1280 ಬೈ 800ಕ್ಕಿಂತ ಕೆಳಗಿಳಿಯಬಾರದು, ಸಾಧ್ಯವಾದರೆ 1920 ಬೈ 1080 ಇರಲಿ.

ಆ ಚುಕ್ಕೆಗಳನ್ನು ನಾವೇ ಕೈಯಾರೆ ಕಳೆಯುವ ದಾರಿಯೂ ಒಂದಿದೆ, ಅದರ ಹೆಸರು ಕೀಸ್ಟೋನ್. ಯಂತ್ರವನ್ನು ಕುರ್ಚಿಯ ಮೇಲಿಟ್ಟು ಮುಖ ಎತ್ತಿದರೆ ಚಿತ್ರದ ಮೇಲಂಚು ಅಗಲವಾಗಿ, ಕೆಳಂಚು ಕಿರಿದಾಗುತ್ತದೆ. ರಿಮೋಟಿನ ಗುಂಡಿ ಒತ್ತಿದರೆ ಆಕಾರ ಸರಿಯಾಗುತ್ತದೆ ನಿಜ. ಆದರೆ ಸರಿಮಾಡಲು ಯಂತ್ರ ಚಿತ್ರವನ್ನು ಹಲಗೆಯೊಳಗೇ ಕುಗ್ಗಿಸಿ, ಅಂಚಿನ ಚುಕ್ಕೆಗಳನ್ನು ಖಾಲಿ ಬಿಟ್ಟು, ಉಳಿದವುಗಳಲ್ಲಿ ಅಕ್ಷರಗಳನ್ನು ಹಿಂಡಿ ಕೂರಿಸುತ್ತದೆ. ಒತ್ತಕ್ಷರ ಅಲ್ಲಿಯೂ ನಲುಗುತ್ತದೆ. ಕೂರಿಸುವಾಗಲೇ ಲೆನ್ಸು ಪರದೆಗೆ ನೇರವಾಗಿರುವಂತೆ ನೋಡಿಕೊಂಡರೆ ಕೀಸ್ಟೋನ್ ಸೊನ್ನೆಯಲ್ಲೇ ಇರುತ್ತದೆ. ಲೆನ್ಸ್ ಶಿಫ್ಟ್ ಇರುವ ಯಂತ್ರದಲ್ಲಿ ಚಿತ್ರವನ್ನು ಒಂದು ಚುಕ್ಕೆಯೂ ಕಳೆಯದೆ ಮೇಲೆ ಕೆಳಗೆ ಸರಿಸಬಹುದು.

ಎಷ್ಟು ದೂರದಲ್ಲಿ ಇಡಬೇಕು ಎಂಬುದಕ್ಕೆ ಥ್ರೋ ಅನುಪಾತ ನೋಡಿ. ಅದು 1.5 ಎಂದಿದ್ದರೆ 2 ಮೀಟರ್ ಅಗಲದ ಚಿತ್ರಕ್ಕೆ 3 ಮೀಟರ್ ದೂರ ಬೇಕು. ಮೇಷ್ಟರು ಬೋರ್ಡಿನ ಮುಂದೆ ಓಡಾಡುವ ತರಗತಿಗೆ 0.5ರ ಸುತ್ತಮುತ್ತಲಿನ ಶಾರ್ಟ್ ಥ್ರೋ ಯಂತ್ರ ಲೇಸು. ಗೋಡೆಗೆ ಹತ್ತಿರ, ತಲೆಯ ಮೇಲ್ಗಡೆ ಇರುವುದರಿಂದ ಅವರ ನೆರಳು ಪಾಠದ ಮೇಲೆ ಬೀಳುವುದಿಲ್ಲ, ಕಣ್ಣಿಗೆ ಬೆಳಕು ರಾಚುವುದಿಲ್ಲ. ಗೋಡೆಗೆ ಅಂಟಿದಂತೆಯೇ ನಿಲ್ಲುವ ಅಲ್ಟ್ರಾ ಶಾರ್ಟ್ ಥ್ರೋ ಕೂಡ ಇದೆ. ಅದರ ಬೆಳಕು ಬಹಳ ಓರೆಯಾಗಿ ಹೋಗುವುದರಿಂದ ಗೋಡೆಯ ಸಣ್ಣ ಉಬ್ಬುತಗ್ಗೂ ಚಿತ್ರದಲ್ಲಿ ಅಲೆಯಾಗಿ ಕಾಣುತ್ತದೆ. ಸುಣ್ಣ ಬಳಿದ ಒರಟು ಗೋಡೆಗೆ ಅದು ಹೊಂದುವುದಿಲ್ಲ.

ದೀಪದ ವಿಚಾರ. 1990ರ ದಶಕದ ನಡುವಿನಲ್ಲಿ ಫಿಲಿಪ್ಸ್ ಕಂಪನಿ ತಂದ ಪಾದರಸ ಆವಿಯ ದೀಪ ಬಹುಕಾಲ ಈ ಯಂತ್ರಗಳ ಪ್ರಾಣವಾಗಿತ್ತು. ಉರಿಯುವಾಗ ಅದರ ಪುಟ್ಟ ಗಾಜಿನ ಬುರುಡೆಯೊಳಗಿನ ಒತ್ತಡ ವಾತಾವರಣದ ಸುಮಾರು ಇನ್ನೂರು ಪಟ್ಟು. ಆದ್ದರಿಂದಲೇ ಆರಿಸಿದ ಕೂಡಲೇ ಪ್ಲಗ್ ಕೀಳಬಾರದು, ಫ್ಯಾನ್ ತಿರುಗಿ ದೀಪ ತಣಿಯಲು ಬಿಡಬೇಕು. ಕರೆಂಟ್ ಯಾವಾಗ ಹೋಗುತ್ತದೋ ತಿಳಿಯದ ಊರುಗಳಲ್ಲಿ ಯುಪಿಎಸ್ ಇರಲೇಬೇಕು. ದೀಪದ ಆಯುಷ್ಯ 4000 ಗಂಟೆ ಎಂದರೆ ಅಷ್ಟು ಹೊತ್ತಿಗೆ ಬೆಳಕು ಅರ್ಧಕ್ಕೆ ಇಳಿದಿರುತ್ತದೆ ಎಂದು ಅರ್ಥ. ದಿನಕ್ಕೆ ಆರು ಗಂಟೆ, ವರ್ಷಕ್ಕೆ 200 ದಿನ ಬಳಸಿದರೆ ಮೂರು ವರ್ಷ ದಾಟುವಷ್ಟರಲ್ಲಿ ಆ ಘಟ್ಟ ಬರುತ್ತದೆ. ಕೆಟ್ಟ ದೀಪವನ್ನು ತಿಪ್ಪೆಗೆ ಎಸೆಯಬೇಡಿ, ಒಳಗೆ ಪಾದರಸವಿದೆ, ಅದು ಇ-ತ್ಯಾಜ್ಯ ಸಂಗ್ರಹಿಸುವವರ ಕೈಸೇರಬೇಕು. ಈಗ ಬರುತ್ತಿರುವ ಲೇಸರ್ ಯಂತ್ರಗಳಲ್ಲಿ ನೀಲಿ ಲೇಸರ್ ಬೆಳಕು ಫಾಸ್ಫರ್ ಲೇಪಿಸಿದ ಚಕ್ರಕ್ಕೆ ಬಡಿದು ಹಳದಿಯಾಗುತ್ತದೆ. ಆ ಹಳದಿಯಿಂದ ಕೆಂಪು, ಹಸಿರು ಬರುತ್ತವೆ, ನೀಲಿ ಲೇಸರಿನದೇ. ಇದರ ಆಯುಷ್ಯ 20,000 ಗಂಟೆ ಎನ್ನುತ್ತಾರೆ. ನಮ್ಮ ಶಾಲೆಯ ಲೆಕ್ಕದಲ್ಲಿ ಹದಿನಾರು ವರ್ಷಕ್ಕೂ ಮೇಲೆ. ಕರೆಂಟ್ ಹೋದರೂ ಗಾಬರಿಯಿಲ್ಲ, ಹಾಕಿದೊಡನೆ ಬೆಳಗುತ್ತದೆ. ಬೆಲೆ ಹೆಚ್ಚಾದರೂ ದಿನವೂ ಬಳಸುವ ಕಡೆ ಇದನ್ನೇ ಕೊಳ್ಳಿ ಎಂದು ನಾನು ಹೇಳುತ್ತೇನೆ. ಸುಣ್ಣದ ಬಳಪದ ಪುಡಿ, ಬಯಲುಸೀಮೆಯ ದೂಳು, ಮಲೆನಾಡಿನ ಮಳೆಗಾಲದ ತೇವ ಮೂರೂ ಯಂತ್ರಕ್ಕೆ ಶತ್ರುಗಳು. ಫಿಲ್ಟರ್ ಇದ್ದರೆ ತಿಂಗಳಿಗೊಮ್ಮೆ ತೆಗೆದು ಶುಚಿ ಮಾಡಿ. ದೂಳು ಕಟ್ಟಿದರೆ ಗಾಳಿ ಆಡದೆ ಒಳಗೆ ಕಾವೇರಿ ಯಂತ್ರ ತಾನಾಗಿ ಆರಿಹೋಗುತ್ತದೆ.

ಧ್ವನಿಗೆ ಯಂತ್ರದೊಳಗಿನ ಪುಟ್ಟ ಸ್ಪೀಕರನ್ನು ನಂಬಬೇಡಿ, ತಂತಿಯ ಮೂಲಕ ಬೇರೆ ಸ್ಪೀಕರಿಗೆ ಕೊಡಿ. ಬ್ಲೂಟೂತಿನಲ್ಲಿ ತುಟಿ ಮೊದಲು ಆಡಿ ಮಾತು ಆಮೇಲೆ ಬರುವುದುಂಟು.

ಪರದೆಗೆ ಹೊಳಪಿಲ್ಲದ ಬಿಳಿ ಒಳ್ಳೆಯದು. ಗಾರೆ ಮಾಡಿ ನಯಗೊಳಿಸಿ ಮ್ಯಾಟ್ ಬಣ್ಣ ಬಳಿದ ಗೋಡೆ ಎಷ್ಟೋ ಕಡೆ ಸಾಕು. ಆಯಿಲ್ ಪೇಂಟ್ ಬಳಿದರೆ ನಡುವೆ ದೀಪದ ಮಚ್ಚೆ ಮಿನುಗುತ್ತದೆ. ಪಂಚೆಯನ್ನೋ ಹಾಸಿಗೆಯ ಬಟ್ಟೆಯನ್ನೋ ಕಟ್ಟಿದರೆ ಒಂದಷ್ಟು ಬೆಳಕು ಹಿಂದಕ್ಕೆ ಹಾದುಹೋಗುತ್ತದೆ, ಅಂಗಳದ ಸಿನಿಮಾದಲ್ಲಿ ಎರಡೂ ಬದಿಗೆ ಜನ ಕೂರುವುದಾದರೆ ಅದೇ ಅನುಕೂಲ. ಕೋಣೆಯ ಉಳಿದ ಗೋಡೆಗಳಿಗೆ ಗಾಢ ಬಣ್ಣ ಇದ್ದರೆ ಪರದೆಯಿಂದ ಚದುರಿದ ಬೆಳಕು ಅವುಗಳಿಗೆ ತಗುಲಿ ಮರಳಿ ಬಂದು ಕಪ್ಪನ್ನು ಕೆಡಿಸುವುದು ತಪ್ಪುತ್ತದೆ.

ಕೊಳ್ಳುವ ಮುನ್ನ ಅಂಗಡಿಯವರನ್ನು ಯಂತ್ರದೊಡನೆ ನಿಮ್ಮ ಕೋಣೆಗೇ ಕರೆಯಿಸಿ, ನೀವು ಬಳಸುವ ಹೊತ್ತಿಗೇ. ಬೆಳಗ್ಗೆ ಹನ್ನೊಂದರ ಪಾಠಕ್ಕಾದರೆ ಹನ್ನೊಂದಕ್ಕೇ ಬರಲಿ. ಪಠ್ಯಪುಸ್ತಕದ ಒಂದು ಕನ್ನಡ ಪುಟ, ಒಂದು ಹೂವಿನ ಚಿತ್ರ, ರಾತ್ರಿ ನಡೆಯುವ ಒಂದು ಸಿನಿಮಾ ದೃಶ್ಯ, ಇಷ್ಟನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡು ಕೊನೆಯ ಬೆಂಚಿನಲ್ಲಿ ಕುಳಿತು ನೋಡಿ. ಮೊದಲು ಕಿಟಕಿ ತೆರೆದು, ಆಮೇಲೆ ಮುಚ್ಚಿ. ಹಣವನ್ನು ಎಲ್ಲಿ ಹಾಕಬೇಕು ಎಂಬುದು ಆ ಹತ್ತು ನಿಮಿಷದಲ್ಲಿ ತಿಳಿದುಹೋಗುತ್ತದೆ.

ನಿಮ್ಮ ಶಾಲೆಯ ಬೀರುವಿನಲ್ಲಿ ಹಳೆಯ ಯಂತ್ರವೊಂದು ಮಂಕಾಯಿತೆಂದು ಮೂಲೆ ಸೇರಿದ್ದರೆ ಅದನ್ನು ಹೊರಗೆ ತೆಗೆಯಿರಿ. ಮೆನುವಿನಲ್ಲಿ ದೀಪ ಉರಿದ ಗಂಟೆಗಳ ಲೆಕ್ಕ ಸಿಗುತ್ತದೆ, ನೋಡಿ. ಅದರಲ್ಲಿ 2000 ಲ್ಯೂಮೆನ್ಸ್ ಮಾತ್ರ ಉಳಿದಿದೆ ಎಂದುಕೊಂಡರೂ, 2 ಮೀಟರಿನ ಚಿತ್ರಕ್ಕೆ, 20 ಲಕ್ಸಿಗೆ ಕತ್ತಲಾಗಿಸಿದ ಕೋಣೆಯಲ್ಲಿ 45ಕ್ಕೆ 1ರ ಅನುಪಾತ ಬರುತ್ತದೆ. ದೀಪ ಉರಿಯುವ ಕೋಣೆಯ 6000 ಲ್ಯೂಮೆನ್ಸಿನ ಹೊಸ ಯಂತ್ರಕ್ಕಿಂತ ಅದು ಮೂರು ಪಟ್ಟು ಮೇಲು. ಶಾಲೆಗೆ ಬೇಡವಾದರೆ ಊರ ಗ್ರಂಥಾಲಯಕ್ಕೆ ಕೊಡಿ, ವಾರಕ್ಕೊಂದು ಸಂಜೆ ಮಕ್ಕಳ ಸಿನಿಮಾ ತೋರಿಸಲು ಅದು ಬೇಕಾಗುತ್ತದೆ.